ನಾಲ್ಕು ಎಣಿಸಿ ಒತ್ತು

ನನಗೆ ಸಿಟ್ಟು ಬೇಗ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ನಾನು ಎಲ್ಲೆಲ್ಲಿ ಸಿಟ್ಟಾದೆ ಎಂದು ಬರೆಯುತ್ತೇನೋ ಅಲ್ಲೆಲ್ಲ ಅಸಲಿಗೆ ಹೆದರಿದ್ದೆ. ನನ್ನ ಮನೆಯವರಿಗೆ ಈ ಗುಟ್ಟು ಇನ್ನೂ ತಿಳಿದಿಲ್ಲ. ನನಗೇ ತಿಳಿದದ್ದು ಈ ವರ್ಷ.

ಅಪ್ಪ ಧಾರವಾಡ ಬಿಟ್ಟು ಗುಜರಾತಿನಲ್ಲಿ ಸೂರತ್ತಿನ ಹತ್ತಿರದ ಹಜೀರಾಕ್ಕೆ ಬಂದದ್ದು ಒಂದು ಕಾರ್ಖಾನೆಯ ಕಂಪ್ರೆಸರ್ ಹೌಸಿನ ಕೆಲಸಕ್ಕೆ. ಕಾಲೊನಿಯ ನಮ್ಮ ಕ್ವಾರ್ಟರ್ಸಿನಲ್ಲಿ ದೇವರಿಗೆ ಅಡುಗೆಮನೆಯ ಒಂದು ಗೂಡು ಸಿಕ್ಕಿತ್ತು, ಅಪ್ಪನ ಟೇಪ್ ಡೆಕ್ಕಿಗೆ ಹಾಲಿನ ಒಂದಿಡೀ ಗೋಡೆ. ಅಕ್ಕಪಕ್ಕದ ಮನೆಗಳಲ್ಲಿ ಬೆಳಿಗ್ಗೆ ಗುಜರಾತಿ ಭಜನೆ ಹಾಕಿದರೆ ನಮ್ಮಲ್ಲಿ ಇಂಗ್ಲಿಷ್ ರಾಕ್. ಅಪ್ಪ ಕಾಲೇಜು ಹಾಸ್ಟೆಲಿನಲ್ಲಿದ್ದಾಗ ಕೊಂಡ ಒಂದೇ ಒಂದು ರೆಕಾರ್ಡು ಅದು. ಸೂಜಿ ತಾಗಿ ಸವೆಯಬಾರದೆಂದು ಅದನ್ನು ಕ್ಯಾಸೆಟ್ಟಿಗೆ ಇಳಿಸಿಕೊಂಡು ಕೇಳುತ್ತಿದ್ದ. ಸಮುದ್ರದ ಗಾಳಿಗೆ ಟೇಪು ಕೆಡುತ್ತದೆ ಎಂದು ಪ್ರತಿ ದೀಪಾವಳಿಗೆ ಹೊಸ ಕ್ಯಾಸೆಟ್ಟು. ಅಮ್ಮ ಒಳಗೆ ಚಕ್ಕಲಿ ಕರಿಯುವಾಗ ಅಪ್ಪ ಡೆಕ್ಕಿನ ಮುಂದೆ ಕೂತು, ಗುಂಡಿಗಳನ್ನು ತಿರುಗಿಸಿ, ತನ್ನ ಕಿವಿಗೆ ಸರಿಯೆನಿಸುವ ತನಕ ದನಿಯನ್ನು ಹದ ಮಾಡಿ, ಆಮೇಲೆ ರೆಕಾರ್ಡ್ ಮಾಡಿ, ಡಬ್ಬಿಯ ಬೆನ್ನಿಗೆ ಇಸವಿ ಬರೆಯುತ್ತಿದ್ದ. ಹೊಸ ಕ್ಯಾಸೆಟ್ಟು ಬಂದಮೇಲೆ ಹಳೆಯದನ್ನು ಯಾರೂ ಮುಟ್ಟುತ್ತಿರಲಿಲ್ಲ.

ಯಂತ್ರಗಳ ಸದ್ದಿಗೆ ಕಿವಿ ಹೋಗುತ್ತದೆಂದು ಕಾರ್ಖಾನೆಯಲ್ಲಿ ವರ್ಷಕ್ಕೊಮ್ಮೆ ಕಿವಿ ಪರೀಕ್ಷೆ ಇರುತ್ತಿತ್ತು. ಪುಟ್ಟ ಕೋಣೆಯಲ್ಲಿ ಹೆಡ್‌ಫೋನ್ ಹಾಕಿ ಕೂರಿಸಿ ಕೈಗೊಂದು ಗುಂಡಿ ಕೊಡುತ್ತಾರೆ. ಕುಂಯ್ ಎಂದು ಸದ್ದು ಕೇಳಿದಾಗಲೆಲ್ಲ ಅದನ್ನು ಒತ್ತಬೇಕು. ಸದ್ದು ಸಣ್ಣಗಾಗುತ್ತ, ತೆಳ್ಳಗಾಗುತ್ತ ಹೋಗುತ್ತದೆ. ಅಪ್ಪ ಮನೆಗೆ ಬಂದು ಅದನ್ನೇ ನನಗೆ ಆಟ ಮಾಡಿ ಕಲಿಸಿದ. ತನ್ನ ಹೆಡ್‌ಫೋನು ನನ್ನ ತಲೆಗೆ, ಗುಂಡಿಯ ಬದಲು ಬೆಳಕಿನ ಬ್ಯಾಟರಿ ನನ್ನ ಕೈಗೆ. ಹೆಡ್‌ಫೋನಿನಲ್ಲಿ ಯಾವ ಸದ್ದೂ ಇಲ್ಲ.

"ಆ ಮಷೀನು ತಾಳಾ ತಪ್ಪಂಗಿಲ್ಲ ನೋಡು. ಡ್ರಮ್ ಬಾರಸಾಂವ ಹೆಂಗ ಎಣಸ್ತಾನ, ಹಂಗ ಎಣಸು. ಒಂದು, ಎರಡು, ಮೂರು, ನಾಲ್ಕು, ಒತ್ತು."

ನಾನು ಎಣಿಸಿ ಒತ್ತುತ್ತಿದ್ದೆ. ಬ್ಯಾಟರಿ ಹೊತ್ತಿಕೊಂಡರೆ ಅಪ್ಪ ಭೇಷ್ ಅನ್ನುತ್ತಿದ್ದ.

ಮುಂದೆ ನಾನೂ ಕಾರ್ಖಾನೆಯನ್ನೇ ಸೇರಿದೆ, ವಡೋದರಾದಲ್ಲಿ. ನಮ್ಮಲ್ಲೂ ವರ್ಷಕ್ಕೊಮ್ಮೆ ಕಿವಿ ಪರೀಕ್ಷೆ. ನಾನು ಹೋಗಿ ಕೂತು, ಕಣ್ಣು ಮುಚ್ಚಿ, ನಾಲ್ಕು ಎಣಿಸಿ ಒತ್ತಿ ಬರುತ್ತಿದ್ದೆ. ಮೋಸ ಮಾಡುತ್ತಿದ್ದೇನೆಂದು ಒಮ್ಮೆಯೂ ಅನಿಸಲಿಲ್ಲ. ತಿಂಡಿಗೆ ಮೊದಲು ಕೈ ತೊಳೆದ ಹಾಗೆ ಅದೊಂದು ರೂಢಿ. ಪ್ರತಿ ವರ್ಷವೂ ನಾರ್ಮಲ್ ಎಂದು ಬರೆದು ಕೊಡುತ್ತಿದ್ದರು.

ಮಗಳು ಈಗ ಅಹಮದಾಬಾದಿನಲ್ಲಿ ಓದುತ್ತಾಳೆ, ಗಿಟಾರು ಬಾರಿಸುತ್ತಾಳೆ. ಅಜ್ಜನ ಹುಚ್ಚು ನನ್ನನ್ನು ಹಾದು ಅವಳಿಗೂ ಹತ್ತಿದೆ. ಈ ದೀಪಾವಳಿ ರಜೆಯಲ್ಲಿ, ಅಪ್ಪ ನಿವೃತ್ತಿಯ ಮೇಲೆ ನೆಲೆಸಿರುವ ಸೂರತ್ತಿಗೆ ಮೊದಲು ಹೋಗಿ, ಅಜ್ಜನ ಕ್ಯಾಸೆಟ್ಟುಗಳನ್ನೆಲ್ಲ ಒಂದು ಚೀಲದಲ್ಲಿ ತುಂಬಿಕೊಂಡು ವಡೋದರಾಕ್ಕೆ ಬಂದಳು. ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿ ಅಜ್ಜನಿಗೆ ಕೊಡುವ ಯೋಜನೆ. ಮೂರನೆಯ ದಿನ ಕೋಣೆಯಿಂದ ಕೂಗಿದಳು.

"ಅಮ್ಮಾ, ಇಲ್ಲಿ ಬಾ ನಾ. ಅಜ್ಜಂದು ಎಲ್ಲಾ ಟೇಪ್ ಸೇಮ್ ಗಾನಾ ಹೈ, ಲೇಕಿನ್ ಸೇಮ್ ಇಲ್ಲ."

ಅವಳ ಕನ್ನಡ ಮೂರು ಭಾಷೆಯ ಭೇಳ್‌ಪುರಿ. ಒಂದೇ ಹಾಡಿನ ಮೊದಲ ತುಣುಕನ್ನು ಪ್ರತಿ ವರ್ಷದ ಕ್ಯಾಸೆಟ್ಟಿನಿಂದ ಕತ್ತರಿಸಿ, ಇಸವಿಯ ಪ್ರಕಾರ ಜೋಡಿಸಿದ್ದಳು. ಕೇಳಿದೆ. ಮೊದಲ ವರ್ಷದ್ದು ದುಪ್ಪಟಿಯೊಳಗಿನಿಂದ ಬಂದಹಾಗಿತ್ತು. ವರ್ಷ ಕಳೆದ ಹಾಗೆ ಬಿಚ್ಚಿಕೊಳ್ಳುತ್ತ ಬಂತು. ಕೊನೆಯದರಲ್ಲಿ ಗಿಟಾರು, ಡ್ರಮ್ಮಿನ ಹಿತ್ತಾಳೆ ತಟ್ಟೆಗಳು, ಎಲ್ಲ ಸ್ವಚ್ಛ.

"ಕಡೀದು ಭಾಳ ಛಲೋ ಬಂದದ," ಎಂದೆ.

ಅವಳು ಕಿವಿ ಉಜ್ಜಿಕೊಳ್ಳುತ್ತಿದ್ದಳು. "ಅಮ್ಮಾ, ಅದು ಚುಚ್ಚತ್ತೆ. ಸೂಜಿ ತರ. ಫಸ್ಟ್‌ದು ಪರ್ಫೆಕ್ಟ್ ಇದೆ."

ನಾನು ರೇಗಿದೆ. ದಿನವಿಡೀ ಕಿವಿಗೆ ಅದೇನೋ ತುರುಕಿಕೊಂಡು ಕೂರುವವಳಿಗೆ ಯಾವುದು ಚೆನ್ನ ಎಂದು ಏನು ಗೊತ್ತು ಎಂದೆ. ಗಿಟಾರನ್ನೂ ಬಿಡಲಿಲ್ಲ, ಅವಳ ಮಾರ್ಕ್ಸನ್ನೂ ಬಿಡಲಿಲ್ಲ. ಅಡುಗೆಮನೆಗೆ ಬಂದು ಅಕ್ಕಿ ತೊಳೆಯುತ್ತಿದ್ದಾಗ ಹೊಳೆಯಿತು. ತೆಳು ದನಿಗಳು ತನಗೆ ಕೇಳಿಸದೆ ಹೋದ ಹಾಗೆಲ್ಲ ಅಪ್ಪ ಅವುಗಳನ್ನೇ ಏರಿಸುತ್ತ ಹೋಗಿದ್ದ. ತಾನು ಕಿವುಡಾಗುವುದನ್ನು ವರ್ಷ ವರ್ಷ ರೆಕಾರ್ಡ್ ಮಾಡಿ, ಇಸವಿ ಬರೆದು ಇಟ್ಟಿದ್ದ. ಆಮೇಲೆ ಎರಡನೆಯ ಯೋಚನೆ ಬಂತು. ಆ ಕೊನೆಯ ಕ್ಯಾಸೆಟ್ಟು ನನಗೇಕೆ ಸರಿ ಅನಿಸಿತು?

ನನ್ನ ಕೆಲಸದಲ್ಲಿ ವಾಲ್ವಿನ ಸಂದಿಯಿಂದ ಗ್ಯಾಸು ಸೋರಿದರೆ ಮೊದಲು ಹಿಡಿಯಬೇಕಾದದ್ದು ಕಿವಿ. ಸುಯ್ ಎನ್ನುವ ತೆಳು ಸದ್ದು ಅದು. ಅದು ಕೇಳಿಸದವಳನ್ನು ನಂಬಿ ನಮ್ಮ ಪಾಳಿಯವರೆಲ್ಲ ಪೈಪುಗಳ ಕೆಳಗೆ ನಿಂತಿರುತ್ತಾರೆ. ಮುಂದಿನ ಸೋಮವಾರವೇ ನನ್ನ ಈ ವರ್ಷದ ಪರೀಕ್ಷೆಯಿತ್ತು.

ಭಾನುವಾರ ಬೆಳಗಿನ ರೈಲಿಗೆ ಮಗಳನ್ನು ಕರೆದುಕೊಂಡು ಸೂರತ್ತಿಗೆ ಹೋದೆ. ಮಗಳು ಅಜ್ಜನ ತಲೆಗೆ ಹೆಡ್‌ಫೋನ್ ಹಾಕಿ ಮೊದಲ ವರ್ಷದ ಹಾಡು ಹಚ್ಚಿದಳು. ಅಪ್ಪ ಕಣ್ಣು ಮುಚ್ಚಿ ಕೇಳಿದ, ಆಮೇಲೆ ಗೊಂದಲದಿಂದ ಅವಳನ್ನು ನೋಡಿದ.

"ಬರೇ ಧಡ್ ಧಡ್ ಕೇಳಸ್ತದಲ್ಲ. ಹಾಡು ಎಲ್ಲೆ ಹೋತು?"

ಮಗಳು ನಗಲಿಲ್ಲ. ನಾನು ಅಪ್ಪನ ಕಿವಿಯ ಹತ್ತಿರ ಹೋಗಿ ಜೋರಾಗಿ ಕೇಳಿದೆ, "ಕಿವಿ ಹೋಗೇದ ಅಂತ ನಿನಗ ಗೊತ್ತಿತ್ತೇನಪಾ?"

"ಗೊತ್ತಿಲ್ದ ಏನು. ಹೇಳಿದ್ರ ಸ್ಟೋರ್‌ನಾಗ ಕೂಡಸ್ತಿದ್ರು. ಮಷೀನ್ ಬಿಟ್ಟು ಇರಲಿಕ್ಕೆ ನನ್ನ ಕಡೆ ಆಗ್ತಿದ್ದಿಲ್ಲ."

"ಅದಕ್ಕ ಎಣಿಸಿ ಒತ್ತಿದಿ."

"ತಾಳಾ ಗೊತ್ತಿತ್ತು, ಒತ್ತಿದೆ," ಎಂದು ನಕ್ಕ. ಆ ನಗು ಮುಗಿಯುವ ಮೊದಲೇ ಅವನಿಗೆ ಏನೋ ನೆನಪಾಯಿತು. ಬಿಸ್ಕೀಟು ಹಿಡಿದ ಕೈ ಚಹಾದ ಕಪ್ಪಿನ ಮೇಲೆ ಹಾಗೇ ನಿಂತಿತು. "ನಿನಗ ಆಟಾ ಅಂತ ಕಲಿಸಿದ್ದೆ. ನೀ ಏನು ಅಲ್ಲೆ ಪರೀಕ್ಷಾದಾಗ..."

ನಾನು ಹೌದೆಂದು ತಲೆಯಾಡಿಸಿ, ನಾಳೆಯೇ ಈ ವರ್ಷದ ಪರೀಕ್ಷೆ ಎಂದೆ. ಬೈಯಬೇಕೆಂದು ರೈಲಿನುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಅಪ್ಪ ಅಷ್ಟು ಹೆದರಿದ್ದನ್ನು ನಾನು ಎಂದೂ ನೋಡಿರಲಿಲ್ಲ.

"ನಾಳೆ ಎಣಸಬ್ಯಾಡವಾ," ಎಂದ. "ಕೈ ಮುಗೀತೀನಿ, ಎಣಸಬ್ಯಾಡ."

ಮರಳುವಾಗ ರೈಲಿನಲ್ಲಿ ಮಗಳು ತನ್ನ ಇಯರ್‌ಫೋನಿನ ಒಂದನ್ನು ನನ್ನ ಕಿವಿಗೆ ಸಿಕ್ಕಿಸಿದಳು. ಅದೇ ಹಾಡು. ನನಗೆ ಕೇಳಿಸದ್ದು ಈಗ ಅವಳಿಗೆ ಏನು ಕೇಳಿಸುತ್ತಿರಬಹುದು ಎಂದು ಕೇಳಬೇಕೆನಿಸಿತು, ಧೈರ್ಯ ಸಾಲಲಿಲ್ಲ. ಸಂಜೆ ಒಗ್ಗರಣೆಗೆ ಇಟ್ಟಾಗ ಸಾಸಿವೆ ಸಿಡಿಯುವುದು ಕೇಳಿಸಿತು, ಜೀವ ಬಂತು. ಮರುಗಳಿಗೆಯೇ ಅನುಮಾನ: ಕೇಳಿದೆನೋ, ಕಣ್ಣಿಂದ ನೋಡಿದೆನೋ? ಇನ್ನೊಮ್ಮೆ ಎಣ್ಣೆ ಇಟ್ಟು, ಸಾಸಿವೆ ಹಾಕಿ, ಕಣ್ಣು ಮುಚ್ಚಿ ನಿಂತೆ. ಮಗಳು ಓಡಿಬಂದು ಗ್ಯಾಸ್ ಆರಿಸಿದಳು. ಸಾಸಿವೆ ಸೀದು ಕರಿಕಾಗಿತ್ತು.

ಸೋಮವಾರ ಆ ಪುಟ್ಟ ಕೋಣೆಯಲ್ಲಿ ಕೂತೆ. ಪರೀಕ್ಷೆ ಮಾಡುವಾಕೆ ನನಗೆ ವರ್ಷಗಳಿಂದ ಪರಿಚಯ. ಗುಂಡಿ ಕೊಟ್ಟು, ನಕ್ಕು, ಬಾಗಿಲು ಹಾಕಿಕೊಂಡು ಹೋದಳು. ಎಣಿಸುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ದಪ್ಪ ಸದ್ದುಗಳು ಬಂದವು, ಒತ್ತಿದೆ. ಸ್ವಲ್ಪ ತೆಳುವಾದವು, ಒತ್ತಿದೆ. ಆಮೇಲೆ ನಿಂತವು. ಎಡಗಿವಿಯಿಂದ ಬಲಗಿವಿಗೆ ಬದಲಿಸುತ್ತಿರಬೇಕು ಎಂದುಕೊಂಡೆ. ಕಾದೆ. ಕೆಳಗೆ ನೋಡಿದರೆ ನನ್ನ ಬಲಗಾಲಿನ ಬೂಟು ನೆಲವನ್ನು ತಟ್ಟುತ್ತಿತ್ತು, ಒಂದು, ಎರಡು, ಮೂರು, ನಾಲ್ಕು. ಎಡಗಾಲಿನಿಂದ ಅದನ್ನು ಮೆಟ್ಟಿ ಹಿಡಿದು ಮತ್ತೆ ಕಾದೆ.

ಬಾಗಿಲು ತೆರೆಯಿತು. ಆಕೆ ನನ್ನ ಕೈಯಲ್ಲಿದ್ದ ಗುಂಡಿಯನ್ನು ನೋಡಿದಳು, ಆಮೇಲೆ ನನ್ನನ್ನು.

"ಕ್ಯಾರನು ಚಾಲು ಛೆ, ಬೆನ್," ಎಂದಳು ಮೆತ್ತಗೆ. ಆಗಿನಿಂದ ಸದ್ದು ಬರುತ್ತಲೇ ಇದೆಯಂತೆ.

ನಾನು ಗುಂಡಿಯನ್ನು ಅವಳ ಕೈಗೆ ಕೊಟ್ಟೆ.