ಬಾರದ ದೋಷಕ್ಕೆ ಗಂಟೆಯಿಲ್ಲ

ಗೆಳೆಯರೇ, ಬೆಳಗಿನಿಂದ ಹೊಟ್ಟೆ ಉರಿಯುತ್ತಿದೆ, ಮಜ್ಜಿಗೆಗೂ ಬಗ್ಗುತ್ತಿಲ್ಲ.

ಹೈದರಾಬಾದಿನ ಬೇಗಂಪೇಟೆಯ ನಮ್ಮ ಆಫೀಸಿನಲ್ಲಿ ಬಸ್ ಟಿಕೆಟಿನ ಆ್ಯಪ್ ಮಾಡುತ್ತೇವೆ. ಅಲ್ಲೊಂದು ಹಿತ್ತಾಳೆ ಗಂಟೆಯಿದೆ. ದೊಡ್ಡ ದೋಷ ಸರಿಪಡಿಸಿದವರು ಅದನ್ನು ಬಾರಿಸುತ್ತಾರೆ, ಉಳಿದವರು ಚಪ್ಪಾಳೆ ತಟ್ಟುತ್ತಾರೆ. ಒಮ್ಮೆ ಸರಿಹೋದ ದೋಷ ಮತ್ತೆ ಬಾರದಂತೆ ಟೆಸ್ಟ್, ಅಂದರೆ ತಾನೇ ತಪಾಸಣೆ ಮಾಡುವ ಕೋಡ್, ಬರೆದು ಕಾಯುವುದು ನನ್ನ ಕೆಲಸ. ಮೂರು ವರ್ಷವಾಯಿತು, ಆ ಗಂಟೆಯನ್ನು ನಾನು ಮುಟ್ಟಿಯೂ ಇಲ್ಲ. ಬಾರದೇ ಹೋದ ದೋಷ ಯಾರ ಕಣ್ಣಿಗೆ ಕಾಣುತ್ತದೆ?

ಇಂದು ಪಕ್ಕದ ಸೀಟಿನ ಮಲ್ಲಿಕಾರ್ಜುನ, ನಮ್ಮ ಬೀದರಿನ ಹುಡುಗನೇ, ಗಂಟೆ ಬಾರಿಸಿದ. ಒಂದೇ ಸೀಟು ಇಬ್ಬರಿಗೆ ಬುಕ್ ಆಗುತ್ತಿತ್ತು, ಹತ್ತೇ ನಿಮಿಷದಲ್ಲಿ ಸರಿಪಡಿಸಿದ್ದ. ಮ್ಯಾನೇಜರ್ "ಕ್ಯಾ ಬಾತ್ ಹೈ!" ಎಂದು ಬೆನ್ನು ತಟ್ಟಿದರು.

ಅದು ಹೋದ ವರ್ಷವೇ ಸರಿಹೋಗಿದ್ದ ದೋಷ. ನನ್ನ ಟೆಸ್ಟ್ ಕಾವಲಿತ್ತು. ತೆರೆದು ನೋಡಿದರೆ ನನ್ನ ಟೆಸ್ಟ್‌ಗಳೆಲ್ಲ ಬಂದ್. ಬಂದ್ ಮಾಡಿದವನು ಇದೇ ಮಲ್ಲಿಕಾರ್ಜುನ.

"ಯಾಕೋ?" ಎಂದೆ.

"ಭಾಳ ಸ್ಲೋ ಇದ್ವು ಅಕ್ಕಾ. ಅವು ಮುಗಿಯೂತನಾ ಕುಂತ್ರ ನನ್ನ ಕೆಲಸ ಯಾವಾಗ ಆಗಬೇಕ್ರಿ?"

ಎಲ್ಲವನ್ನೂ ಮತ್ತೆ ಚಾಲೂ ಮಾಡಿದೆ. ತಕ್ಷಣ ಒಂದು ಟೆಸ್ಟ್ ಫೇಲಾಗಿ ಕೆಂಪಾಯಿತು: ಅವನ ಇಂದಿನ ರಿಪೇರಿಯಿಂದ ಟಿಕೆಟ್ ರದ್ದು ಮಾಡುವುದೇ ನಿಂತುಹೋಗಿತ್ತು. ತೋರಿಸಿದೆ. ಅವನ ಮುಖ ಅರಳಿತು.

"ಛಲೋ ಆತು ಬಿಡ್ರಿ ಅಕ್ಕಾ! ನಾಳೆ ಇದನ್ನೂ ಸರಿ ಮಾಡಿ ಗಂಟಿ ಬಾರಸ್ತೀನಿ. ನೀವು ಜೋರಾಗಿ ಚಪ್ಪಾಳಿ ಹೊಡೀರಿ."

ಕೈನೋವೆಂದು ನಾಳೆ ರಜೆ ಹಾಕಿದ್ದೇನೆ.