ಅವಳ ಮರ, ನನ್ನ ನೆಟ್ಟು

ಸಿಗ್ನಲ್ಲಿಗೂ ಪಕ್ಷಪಾತ ಇದೆ ಎಂದರೆ ನಮ್ಮ ಶಾಲೆಯ ಸಹೋದ್ಯೋಗಿಗಳು ನಗುತ್ತಾರೆ. ನಗಲಿ. ಅವರೆಲ್ಲ ಹೊಸದುರ್ಗ ಪೇಟೆಯಲ್ಲಿ ಮನೆ ಮಾಡಿಕೊಂಡು ಆರಾಮಾಗಿರುವವರು. ನಮ್ಮದು ಹೊಳಲ್ಕೆರೆ ರಸ್ತೆಯಿಂದ ಒಳಗೆ ತಿರುಗಿಕೊಂಡು ಬರಬೇಕಾದ ಊರು. ಮನೆ ಒಂದೇ, ಪಾಲಾಗಿ ಎರಡಾಗಿದೆ. ಮೂಡಲ ಕಡೆಯದು ಮೈದುನನಿಗೆ, ಪಡುವಲ ಕಡೆಯದು ನಮಗೆ. ನಮ್ಮ ಬೆನ್ನಿಗೆ ಗುಡ್ಡ. ಅದರ ಮೇಲೆ ಗಾಳಿಯಂತ್ರಗಳು ಹಗಲೂ ರಾತ್ರಿ ತಿರುಗುತ್ತಿರುತ್ತವೆ. ಆ ಕರೆಂಟು ಯಾವ ಊರಿಗೆ ಹೋಗುತ್ತದೋ, ನಮಗಂತೂ ಆ ಗುಡ್ಡದಿಂದ ಒಂದು ಕಡ್ಡಿ ಸಿಗ್ನಲ್ ಕೂಡ ದಕ್ಕಿಲ್ಲ. ಟವರ್ ಇರುವುದು ಮೂಡಲಿಗೆ. ಹಾಗಾಗಿ ನನ್ನ ವಾರಗಿತ್ತಿಯ ಜಗಲಿಯಲ್ಲಿ ಕೂತರೆ ಫೋನಿನ ಕಡ್ಡಿಗಳೆಲ್ಲ ತುಂಬಿರುತ್ತವೆ, ನಡುಗೋಡೆ ದಾಟಿ ನಮ್ಮ ಕಡೆ ಕಾಲಿಟ್ಟರೆ ಒಂದೂ ಇಲ್ಲ.

ಮನೆ ಪಾಲಾದಾಗ ಊರಿನ ಹಿರಿಯರು ಅತ್ತೆಯ ವಿಷಯವನ್ನೂ ತೀರ್ಮಾನ ಮಾಡಿದ್ದರು. ಒಂದು ತಿಂಗಳು ಅವರ ಮನೆಯಲ್ಲಿ, ಒಂದು ತಿಂಗಳು ನಮ್ಮ ಮನೆಯಲ್ಲಿ. ಅಮಾವಾಸ್ಯೆ ಕಳೆದ ಮಾರನೆಯ ದಿನ ಅತ್ತೆಯ ಟ್ರಂಕು ಈ ಬಾಗಿಲಿಂದ ಆ ಬಾಗಿಲಿಗೆ ಹೋಗುತ್ತದೆ. ನಮ್ಮ ತಿಂಗಳಲ್ಲಿ ಅತ್ತೆ ನಮ್ಮವರು ಎಂದೇ ನಾನು ತಿಳಿದಿದ್ದೆ. ಆದರೆ ಸಂಜೆ ಶಾಲೆ ಮುಗಿಸಿ ಸ್ಕೂಟರ್ ನಿಲ್ಲಿಸಿ ಹೆಲ್ಮೆಟ್ ತೆಗೆಯುವ ಹೊತ್ತಿಗೆ ನಮ್ಮ ಮನೆ ಖಾಲಿ, ನಗು ಕೇಳುತ್ತಿದ್ದುದು ಗೋಡೆಯಾಚೆಯಿಂದ. ನನ್ನ ತಿಂಗಳಲ್ಲಿ, ನನ್ನ ಮನೆಯಲ್ಲಿ ಉಂಡು, ಅತ್ತೆ ಅವಳ ಜಗಲಿಯಲ್ಲಿ ಕೂತು ಅವಳ ಸಾರಿಗೆ ಬೆಳ್ಳುಳ್ಳಿ ಬಿಡಿಸುತ್ತಿದ್ದರು. ನನ್ನ ಬೆಳ್ಳುಳ್ಳಿಯನ್ನು ನಾನೇ ಬಿಡಿಸಿಕೊಳ್ಳಬೇಕು.

ಕೇಳಿದರೆ ಉತ್ತರ ಸಿದ್ಧವಾಗಿರುತ್ತಿತ್ತು. "ಅಲ್ಲಾದ್ರೆ ಸಿಗ್ನಲ್ ಐತೆ ಕಣವ್ವ. ಮಗಳು ಮುಖ ತೋರಿಸ್ತಾಳೆ."

ನಾದಿನಿ ಪುಣೆಯಲ್ಲಿದ್ದಾಳೆ. ತಾಯಿಗೆ ಫೋನ್ ಕೊಡಿಸಿದವಳೂ ಅವಳೇ. ಅದರಲ್ಲಿ ಅತ್ತೆಗೆ ಬರುವ ವಿದ್ಯೆ ಒಂದೇ, ಮಗಳ ಫೋಟೋ ಒತ್ತುವುದು. ದಿನಾ ಸಂಜೆ ಒತ್ತುತ್ತಾರೆ, ಮಗಳು ಕಾಣಿಸುತ್ತಾಳೆ, ಮೊಮ್ಮಗು ಕಾಣಿಸುತ್ತದೆ, ನಡುನಡುವೆ ನನ್ನ ವಾರಗಿತ್ತಿಯೂ ಮೂತಿ ತೂರಿಸಿ ಮಾತಾಡುತ್ತಾಳೆ. ಆ ಚಿತ್ರದಲ್ಲಿ ನಾನೊಬ್ಬಳು ಮಾತ್ರ ಎಲ್ಲಿಯೂ ಇಲ್ಲ.

ಹೊಟ್ಟೆ ಉರಿಯದೆ ಏನು ಮಾಡುತ್ತದೆ? ಈ ಮನೆಗೆ ಮೊದಲು ಬಂದವಳು ನಾನು. ನನ್ನ ತಾಯಿ ನಾನು ಬಿ.ಎಡ್. ಓದುವಾಗಲೇ ತೀರಿಕೊಂಡಿದ್ದರು. ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ನನ್ನನ್ನು ಎದುರಿಗೆ ಕೂರಿಸಿಕೊಂಡು ತಲೆಗೆ ಎಣ್ಣೆ ಹಚ್ಚಿ, "ಕೂದಲು ಎಷ್ಟು ಒಣಗೈತೆ ನೋಡು, ಯಾರೂ ನೋಡ್ಕಳೋರಿರಲಿಲ್ವಾ" ಎಂದಿದ್ದರು. ಅಷ್ಟಕ್ಕೇ ನಾನು ಅವರಿಗೆ ಮಾರುಹೋದೆ. ಅವರಿಗೆ ಟೈಫಾಯ್ಡ್ ಆದಾಗ ಶಾಲೆಗೆ ರಜೆ ಹಾಕಿ ಗಂಜಿ ಕುಡಿಸಿದವಳು ನಾನು. ಆಮೇಲೆ ಇವಳು ಬಂದಳು. ಪಿಯುಸಿಯನ್ನೂ ಮುಗಿಸಿಲ್ಲ, ಸದಾ ಹಲ್ಲು ಬಿಟ್ಟುಕೊಂಡಿರುತ್ತಾಳೆ. ಎಣ್ಣೆ ಹಚ್ಚುವ ಕೈ ಅವಳ ತಲೆಗೆ ಹೋಯಿತು. ಅದಕ್ಕೆ ಸಿಗ್ನಲ್ ಕಾರಣವಲ್ಲ ಎಂದು ಯಾರಾದರೂ ಅಂದಿದ್ದರೆ ಅವತ್ತು ನಾನು ಜಗಳಕ್ಕೇ ನಿಲ್ಲುತ್ತಿದ್ದೆ. ನೆಟ್ಟು ನಮ್ಮ ಮನೆಗೂ ಬಂದರೆ ಅತ್ತೆಯೂ ಬರುತ್ತಾರೆ, ನನ್ನ ಲೆಕ್ಕ ಅಷ್ಟು ಸರಳವಾಗಿತ್ತು.

ತಂತಿಯ ನೆಟ್ಟು ನಮ್ಮೂರಿಗೆ ಇನ್ನೂ ಬಂದಿಲ್ಲ. ಸಿಮ್ ಹಾಕಿದರೆ ಮೊಬೈಲ್ ಟವರಿನಿಂದಲೇ ನೆಟ್ ಎಳೆದು ಮನೆಗೆಲ್ಲ ಹಂಚುವ ಡಬ್ಬಿ ಬಂದಿದೆ ಎಂದು ಹೊಸದುರ್ಗ ಬಸ್ ನಿಲ್ದಾಣದ ಹತ್ತಿರದ ಮೊಬೈಲ್ ಅಂಗಡಿಯವನು ಹೇಳಿದ. ಹೊರಗೆ ಎತ್ತರದಲ್ಲಿ ಕಟ್ಟಲು ಒಂದು ಬಿಳಿ ಡಬ್ಬಿ, ಒಳಗಿಡಲು ಇನ್ನೊಂದು, ನಡುವೆ ಒಂದು ವೈರು. ಯಜಮಾನರು "ಯಾಕೆ ಬೇಕೇ ಇದೆಲ್ಲ" ಎಂದರು. ಮಕ್ಕಳ ಅಂಕಪಟ್ಟಿಯನ್ನು ಕಂಪ್ಯೂಟರಿಗೆ ಏರಿಸಬೇಕು ಎಂದೆ. ಅದೂ ಸುಳ್ಳಲ್ಲ.

ಡಬ್ಬಿ ಕೂರಿಸುವವನು ಒಂದು ಭಾನುವಾರ ಬಂದ. ತಾರಸಿಯ ನಾಲ್ಕೂ ಮೂಲೆಯಲ್ಲಿ ಹಿಡಿದು ನೋಡಿದ, ಕಬ್ಬಿಣದ ಪೈಪಿಗೆ ಕಟ್ಟಿ ಎತ್ತಿ ನೋಡಿದ. ಸಿಗ್ನಲ್ ಬಂದಂತೆ ಮಾಡಿ ಹೋಗುತ್ತಿತ್ತು. ಕೊನೆಗೆ ಹಿತ್ತಿಲ ಕಡೆ ಕೈ ತೋರಿಸಿದ.

"ಮೇಡಂ, ಆ ತೆಂಗಿನ ಮರಕ್ಕೆ ಕಟ್ಟಿದ್ರೆ ಬರ್ತೈತೆ ನೋಡ್ರಿ. ಟವರ್ ಕಡೆ ನೆಟ್ಟಗೆ ಮುಖ ಐತೆ."

ನನಗೆ ಮೈಯೆಲ್ಲ ಉರಿಯಿತು. ನಮ್ಮ ಕಡೆ ತೋಟ ಪಾಲು ಮಾಡುವಾಗ ನೆಲ ಬೇರೆ, ಮರ ಬೇರೆ ಎಂದು ಹಂಚುವುದುಂಟು. ಮರಗಳು ಸಮ ಆಗದಿದ್ದರೆ ಒಬ್ಬರ ನೆಲದಲ್ಲಿ ನಿಂತ ಮರ ಇನ್ನೊಬ್ಬರ ಪಾಲಿಗೆ ಹೋಗುತ್ತದೆ. ನಮ್ಮ ಹಿತ್ತಿಲ ಆ ಮರ ಹಾಗೆ ಹೋದದ್ದು. ನೆಲ ನಮ್ಮದು, ನೀರು ಬಿಡುವವರು ನಾವು, ಕಾಯಿ ಅವರದು. ಕಾಯಿ ಕೀಳಿಸುವ ದಿನ ನನ್ನ ವಾರಗಿತ್ತಿ ಬುಟ್ಟಿ ಹಿಡಿದು ನನ್ನ ಹಿತ್ತಿಲಿಗೆ ಬಂದು, "ಅಕ್ಕ, ಎಳನೀರು ಕುಡೀರಿ" ಎಂದು ನನಗೇ ಉಪಚಾರ ಮಾಡುತ್ತಾಳೆ. ಒಮ್ಮೆಯೂ ಕುಡಿದಿಲ್ಲ ನಾನು.

"ಅದು ನಮ್ಮ ಮರ ಅಲ್ಲ. ಬೇರೆ ಕಡೆ ನೋಡಪ್ಪ" ಎಂದೆ.

"ಬೇರೆ ಕಡೆ ಇಲ್ಲ ಮೇಡಂ. ತಾರಸಿ ಎತ್ತರ ಸಾಲಲ್ಲ."

ಯಜಮಾನರು ತಮ್ಮನನ್ನು ಕೇಳಿ ಬರುತ್ತೇನೆಂದು ಹೊರಟರು. ನಾನು ತಡೆದೆ. ಅವಳ ಮುಂದೆ ಕೈ ಚಾಚುವುದಕ್ಕಿಂತ ಡಬ್ಬಿಯನ್ನು ವಾಪಸ್ ಕೊಡುವುದೇ ವಾಸಿ ಎಂದೆ. ಅಷ್ಟರಲ್ಲಿ ಹಿತ್ತಿಲ ಗೋಡೆಯ ಮೇಲಿಂದ ಅವಳ ತಲೆ ಕಾಣಿಸಿತು. ಎಲ್ಲ ಕೇಳಿಸಿಕೊಂಡಿದ್ದಳು.

"ಅಕ್ಕ, ಕಟ್ಟಿಸ್ಕಳ್ರಿ. ಅದಕ್ಕೇನು ಕೇಳಾದು? ಕಾಯಿ ಕೀಳೋ ಅಣ್ಣನ್ನ ನಾನೇ ಕಳಿಸ್ತೀನಿ, ಅವನೇ ಹತ್ತಿ ಕಟ್ತಾನೆ."

ಇಲ್ಲ ಎಂದಿದ್ದರೆ ನನಗೆ ಎಷ್ಟು ಸಮಾಧಾನವಾಗುತ್ತಿತ್ತು! ಇಲ್ಲ ಅನ್ನಲಿಲ್ಲ ಅವಳು. ಒಳ್ಳೆಯವಳಾಗುವ ಒಂದೇ ಒಂದು ಅವಕಾಶವನ್ನೂ ಬಿಟ್ಟುಕೊಡುವವಳಲ್ಲ. ಕಾಯಿ ಕೀಳುವವನು ಬಂದ, ಸರಸರ ಹತ್ತಿದ, ಗೊನೆಗಳಿಗಿಂತ ಒಂದಿಷ್ಟು ಕೆಳಗೆ ಡಬ್ಬಿ ಕಟ್ಟಿ ಇಳಿದ. ಒಳಗಿನ ಡಬ್ಬಿಯಲ್ಲಿ ಹಸಿರು ದೀಪ ಹತ್ತಿತು. "ಬಂತು, ಬಂತು" ಎಂದು ಗೋಡೆಯಾಚೆ ನನಗಿಂತ ಮೊದಲು ಅವಳೇ ಚಪ್ಪಾಳೆ ತಟ್ಟಿದಳು.

ಅವತ್ತು ಸಂಜೆ ಅತ್ತೆ ನಮ್ಮ ಪಡಸಾಲೆಯಲ್ಲೇ ಕೂತು ಮಗಳಿಗೆ ಫೋನ್ ಮಾಡಿದರು. ನಾನು ಮಂಡಕ್ಕಿ ಒಗ್ಗರಣೆ ಮಾಡಿ, ಮೆಣಸಿನಕಾಯಿ ಬಜ್ಜಿ ಕರಿದು ಮುಂದಿಟ್ಟೆ. ನಾದಿನಿ "ಅತ್ತಿಗೆ, ನೀವು ತೆಳ್ಳಗಾಗೀರಿ" ಎಂದಳು. ನಾನೂ ಚಿತ್ರದೊಳಗೆ ಬಂದಿದ್ದೆ. ಆ ಖುಷಿಯಲ್ಲಿ ಬಜ್ಜಿಯನ್ನು ಇನ್ನೊಂದು ಒಬ್ಬೆ ಕರಿದೆ.

ಖುಷಿ ಬಹಳ ದಿನ ಉಳಿಯಲಿಲ್ಲ. ಒಂದು ಸಂಜೆ ಶಾಲೆಯಿಂದ ಬಂದರೆ ಮತ್ತೆ ಮನೆ ಖಾಲಿ, ಮತ್ತೆ ಗೋಡೆಯಾಚೆ ನಗು. ಇಣುಕಿ ನೋಡಿದೆ. ಅತ್ತೆ ಅವಳ ಜಗಲಿಯಲ್ಲಿ ಕೂತು ಮಗಳ ಜೊತೆ ಮಾತಾಡುತ್ತಿದ್ದರು. ನನ್ನನ್ನು ಕಂಡು ವಾರಗಿತ್ತಿ ಸಂಭ್ರಮದಿಂದ ಹೇಳಿದಳು, "ಅಕ್ಕ, ನಿಮ್ಮ ನೆಟ್ಟು ಇಲ್ಲಿಗೂ ಬರ್ತೈತೆ! ನಮ್ಮ ಸಿಗ್ನಲ್ಗಿಂತ ಚೆನ್ನಾಗೈತೆ, ಒಂಚೂರೂ ನಿಲ್ಲಲ್ಲ."

ಒಳಗಿನ ಡಬ್ಬಿಯನ್ನು ನಡುಗೋಡೆಗೆ ಆನಿಸಿ ಇಟ್ಟಿದ್ದೆವು. ಅತ್ತೆಯ ಫೋನಿಗೆ ಪಾಸ್ವರ್ಡ್ ಹಾಕಿಕೊಟ್ಟವಳು ನಾನೇ. ನಾನು ತರಿಸಿದ ನೆಟ್ಟಿನಲ್ಲಿ, ಅವಳ ಜಗಲಿಯಲ್ಲಿ, ಅವಳ ಬೆಳ್ಳುಳ್ಳಿ! ಒಳಗೆ ಬಂದವಳೇ ಅಡುಗೆಮನೆಯಿಂದ ದೊಡ್ಡ ಸ್ಟೀಲ್ ಕೊಳಗ ತಂದು ಆ ಡಬ್ಬಿಯ ಮೇಲೆ ಕವುಚಿದೆ. ಸ್ಟೀಲು ಅಡ್ಡ ಬಂದರೆ ನೆಟ್ಟು ಗೋಡೆ ದಾಟಲಾರದು ಎಂದು ವಿಜ್ಞಾನದ ಮೇಷ್ಟ್ರು ಎಂದೋ ಹೇಳಿದ ನೆನಪು. ಗೋಡೆಯಾಚೆ "ಅಯ್ಯೋ, ನಿಂತೋಯ್ತು" ಎನ್ನುವುದು ಕೇಳಿಸಿತು. ಕಿವಿಗೆ ಇಂಪಾಗಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ನಮ್ಮ ಮನೆಯಲ್ಲೂ ನಿಂತುಹೋಯಿತು. ನೆಟ್ ಯಾಕಿಲ್ಲ ಎಂದು ಹುಡುಕುತ್ತ ಬಂದ ಯಜಮಾನರು ಕೊಳಗ ಎತ್ತಿ ನೋಡಿ, "ಏನೇ ಇದು, ಕೋಳಿ ಮರಿ ಕವುಚಿದಂಗೆ ಕವುಚಿದೀಯಲ್ಲ" ಎಂದರು. ಧೂಳು ಎಂದೆ. ಅವರು ಕೊಳಗವನ್ನು ಒಯ್ದು ಅಡುಗೆಮನೆಯಲ್ಲಿಟ್ಟರು.

ಮರುದಿನವೇ ವೈರು ಉದ್ದ ಮಾಡಿಸಿ ಡಬ್ಬಿಯನ್ನು ಗುಡ್ಡದ ಕಡೆಯ ಕೋಣೆಗೆ ಸಾಗಿಸಿದೆ. ಈಗ ನೆಟ್ಟು ನಮ್ಮ ಮನೆಯೊಳಗೇ ಚೆನ್ನಾಗಿ ಸಿಗುತ್ತದೆ, ಅವಳ ಜಗಲಿಯವರೆಗೆ ಹೋಗುವುದಿಲ್ಲ. ಅತ್ತೆಗೆ ಅಲ್ಲಿಯ ಸಿಗ್ನಲ್ಲು ಆಗಲೇ ಸಪ್ಪೆ ಅನ್ನಿಸತೊಡಗಿತ್ತು, ಮಗಳ ಮುಖ ತಡೆತಡೆದು ಬರುತ್ತಿತ್ತಂತೆ. ನಾನು ಗೆದ್ದೆ ಎಂದುಕೊಂಡೆ.

ಆಮೇಲೊಂದು ಸಂಜೆ ಶಾಲೆಯಿಂದ ಬೇಗ ಬಂದೆ. ಅತ್ತೆ ನಮ್ಮ ಪಡಸಾಲೆಯಲ್ಲೇ ಇದ್ದರು. ನಾನು ಕಾಫಿ ಮಾಡಿದೆ. ಬೆಳ್ಳುಳ್ಳಿಯ ಮೊರವನ್ನು ಅವರ ಕೈಗೆ ಸಿಗುವ ಹಾಗೆ, ಆದರೆ ನಾನೇ ಇಟ್ಟೆ ಅನ್ನಿಸದ ಹಾಗೆ ಪಕ್ಕದಲ್ಲಿಟ್ಟೆ. ಚಿತ್ರ ಕನ್ನಡಿಯ ಹಾಗೆ ಬಂತು. ತಾಯಿ ಮಗಳು ಹೊಟ್ಟೆ ತುಂಬ ಮಾತಾಡಿದರು. ನಾನು ಎಣ್ಣೆ ಬಟ್ಟಲನ್ನೂ ಬೆಚ್ಚಗೆ ಮಾಡಿಟ್ಟಿದ್ದೆ. ಮಾತು ಮುಗಿದ ಮೇಲೆ ಕೇಳೋಣ, ಅತ್ತೆ, ತಲೆ ಬಹಳ ಒಣಗಿದೆ, ಒಂದಿಷ್ಟು ಹಚ್ಚುತ್ತೀರಾ ಎಂದು.

ಮಾತು ಮುಗಿಯಿತು. ಅತ್ತೆ ಫೋನನ್ನು ಕುರ್ಚಿಯ ಮೇಲಿಟ್ಟು, ಸೆರಗು ಸರಿ ಮಾಡಿಕೊಂಡು ಎದ್ದು, ಚಪ್ಪಲಿ ಮೆಟ್ಟಿದರು.

"ಎಲ್ಲಿಗೆ ಅತ್ತೆ?"

"ಆ ಕಡೀಗೆ ಹೋಗಿ ಬರ್ತೀನಿ ಕಣವ್ವ."

"ಫೋನ್ ಇಲ್ಲೇ ಬಿಟ್ಟು ಹೊಂಟ್ರಲ್ಲ?"

ಅತ್ತೆ ಬಾಗಿಲಲ್ಲಿ ನಿಂತು, ನಾನು ಯಾಕೆ ಕೇಳಿದೆನೆಂದೇ ತಿಳಿಯದೆ, ಮುಗ್ಧವಾಗಿ ನಕ್ಕರು.

"ಅವಳ ಹತ್ರ ಮಾತಾಡಾಕೆ ಫೋನ್ ಯಾಕವ್ವ?"