ಚಿಕ್ಕಮುನಿಯಪ್ಪನ ಇಂಗ್ಲೆಂಡಿನ ಪ್ಲೇಟು

ಸಾಣೆಗುರುವನಹಳ್ಳಿಯ ಚಿಕ್ಕಮುನಿಯಪ್ಪ ರಾಜಾಜಿನಗರದ ಕೈಗಾರಿಕಾ ವಸಾಹತಿನ ಒಂದು ಶೆಡ್ಡಿನಲ್ಲಿ ಪವರ್ ಪ್ರೆಸ್ ನಡೆಸುತ್ತಿದ್ದ. ತಗಡನ್ನು ಅಚ್ಚಿನ ಕೆಳಗಿಟ್ಟು ಪೆಡಲ್ ತುಳಿದರೆ ಪ್ರೆಸ್ಸು ಧಡ್ ಎಂದು ಬಂದು ಫ್ಯಾನಿನ ರೆಕ್ಕೆ ಕತ್ತರಿಸುತ್ತಿತ್ತು. ದಿನಕ್ಕೆ ಎರಡು ಮೂರು ಸಾವಿರ ಸಲ ಆ ಧಡ್. ಇಪ್ಪತ್ತೊಂದನೇ ವಯಸ್ಸಿಗೆ ಕೆಲಸಕ್ಕೆ ಸೇರಿದವನು. ಸಂಜೆ ಮನೆಗೆ ಬಂದು ಕೈಕಾಲು ತೊಳೆದು ಕೂತ ಮೇಲೂ ಎದೆಯೊಳಗೆ ಅದು ಬಡಿಯುತ್ತಲೇ ಇರುತ್ತಿತ್ತು. ಅವನ ಅಪ್ಪನ ರಾಗಿ ಹೊಲ ಬಸವೇಶ್ವರನಗರದ ಸೈಟುಗಳಾಗಿ ಹೋಗಿತ್ತು. ಉಳಿದ ತುಂಡು ಜಾಗದಲ್ಲಿ ಕಟ್ಟಿಸಿದ ಎರಡು ಕೋಣೆಯ ಮನೆಯಲ್ಲಿ ಅವನೂ ಹೆಂಡತಿ ಗಂಗಲಕ್ಷ್ಮಮ್ಮನೂ ಇಬ್ಬರೇ ಇದ್ದರು.

ಎಂಬತ್ತೊಂದನೇ ಇಸವಿಯಲ್ಲಿ ಕಾಕ್ಸ್‌ಟೌನಿನ ನಿವೃತ್ತ ರೈಲ್ವೆ ಡ್ರೈವರೊಬ್ಬರು ಊರು ಬಿಡುವಾಗ ಮನೆಯ ಸಾಮಾನು ಮಾರುತ್ತಿದ್ದಾರೆಂದು ಯಾರೋ ಹೇಳಿದರು. ಹೆಂಡತಿಗೆ ಸಿನಿಮಾ ಹಾಡೆಂದರೆ ಪ್ರಾಣ. ಅವಳಿಗಾಗಿ ಚಿಕ್ಕಮುನಿಯಪ್ಪ ಅವರಿಂದ ಒಂದು ರೆಕಾರ್ಡ್ ಪ್ಲೇಯರ್ ಕೊಂಡು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ. ಮನೆಗೆ ಬಂದು ಮುಚ್ಚಳ ತೆಗೆದರೆ ಒಳಗೊಂದು ಹಾಡಿನ ಪ್ಲೇಟು ಹಾಗೇ ಕೂತಿತ್ತು. ಅದಕ್ಕೆ ಕವರಿಲ್ಲ. ನಡುವಿನ ಹೆಸರಿನ ಕಾಗದವೂ ಅರ್ಧ ಕಿತ್ತುಹೋಗಿತ್ತು.

ಮನೆಯಲ್ಲಿ ಬೇರೆ ಪ್ಲೇಟೇ ಇರಲಿಲ್ಲವಾದ್ದರಿಂದ ಅದನ್ನೇ ಹಾಕಿದರು. ಭಾನುವಾರದ ಮಧ್ಯಾಹ್ನ. ಮೊದಲು ಡ್ರಮ್ಮು ಬಂತು, ಅದರ ಬೆನ್ನಿಗೆ ಕೋಲಿನಿಂದ ಬಡಿಯುವ ಕಂಚಿನ ತಟ್ಟೆಯ ಚಿಣ್ ಚಿಣ್. ಆಮೇಲೆ ಗಿಟಾರು. ನುಡಿಸುವವನು ಒಂದು ತಂತಿಯನ್ನು ಬೆರಳಲ್ಲಿ ಮೇಲಕ್ಕೆ ತಳ್ಳಿ ಹಿಡಿದಿದ್ದ. ಸ್ವರ ಹಬೆಯ ಹಾಗೆ ಮೇಲೇರಿತು, ಅಲ್ಲೇ ನಡುಗುತ್ತಾ ನಿಂತಿತು, ಮುಗಿಯಲು ಮನಸ್ಸಿಲ್ಲದ ಹಾಗೆ ನಿಧಾನವಾಗಿ ಮುಗಿಯಿತು. ಚಿಕ್ಕಮುನಿಯಪ್ಪ ಕಣ್ಣು ಮುಚ್ಚಿದ. ಮಂಜು ಕವಿದ ಹೊಲದಲ್ಲಿ ತಾನೆಲ್ಲೋ ನಿಂತಿರುವಂತೆ, ಮಂಜಿನೊಳಗೆ ಯಾರೋ ದೂರ ದೂರ ನಡೆದು ಹೋಗುತ್ತಿರುವಂತೆ ಅನಿಸಿತು. ಕಣ್ಣು ಬಿಟ್ಟಾಗ ಎದೆಯೊಳಗಿನ ಪ್ರೆಸ್ಸಿನ ಬಡಿತ ನಿಂತಿತ್ತು.

"ಇದೇನ್ರೀ ಇದು, ಯಾರನ್ನೋ ಕರೀತಾ ಇರೋ ಹಂಗಿದೆ" ಅಂದಳು ಗಂಗಲಕ್ಷ್ಮಮ್ಮ.

"ಯಾರನ್ನ?"

"ನಂಗೇನ್ ಗೊತ್ತು? ದೂರ ಇರೋರನ್ನ."

ಆಮೇಲೆ ಸಿನಿಮಾ ಹಾಡಿನ ಪ್ಲೇಟುಗಳೂ ಬಂದವು. ಆದರೂ ಭಾನುವಾರ ಮುದ್ದೆ ಊಟ ಮುಗಿದ ಮೇಲೆ ಕವರಿಲ್ಲದ ಈ ಪ್ಲೇಟು ತಿರುಗಲೇಬೇಕು. ಒಂದೇ ಪ್ಲೇಟನ್ನು ಐದು ವರ್ಷ ಕೇಳಿದರೆ ಬೇಸರವಾಗಬೇಕು, ಅವನಿಗೆ ಆಗಲಿಲ್ಲ. ಎಲ್ಲಿ ಗಿಟಾರು ತಡೆಯುತ್ತದೆ, ಎಲ್ಲಿ ಎರಡೇ ಸ್ವರ ಹಿಡಿದು ಹಟ ಮಾಡುತ್ತದೆ ಎಂಬುದೆಲ್ಲ ಬಾಯಿಪಾಠ. ಅಷ್ಟಾದರೂ ಆ ಜಾಗ ಬಂದಾಗ ಈ ಸಲ ಬೇರೆ ಕಡೆ ತಿರುಗಿಬಿಟ್ಟರೆ ಎಂದು ಉಸಿರು ಹಿಡಿಯುತ್ತಿದ್ದ.

ಎಂಬತ್ತಾರರ ಬೇಸಿಗೆಯಲ್ಲಿ ಪ್ಲೇಟು ಸವೆಯುತ್ತಿದೆ ಅನ್ನುವ ಅನುಮಾನ ಬಂತು. ಗಿಟಾರು ಮೊದಲಿನ ಹಾಗೇ ಇತ್ತು, ಡ್ರಮ್ಮೂ ಇತ್ತು. ಕಂಚಿನ ತಟ್ಟೆಯ ಸದ್ದು ಮಾತ್ರ ಇರಲಿಲ್ಲ. ಮುಳ್ಳು ಬದಲಾಯಿಸಿ ನೋಡಿದ, ಪ್ರಯೋಜನವಾಗಲಿಲ್ಲ. ಪ್ಲೇಟನ್ನು ಪಂಚೆಯಲ್ಲಿ ಸುತ್ತಿಕೊಂಡು ರಾಜಾಜಿನಗರದಲ್ಲಿ ಕ್ಯಾಸೆಟ್ಟಿಗೆ ಹಾಡು ತುಂಬಿಕೊಡುತ್ತಿದ್ದ ವೆಂಕಟೇಶನ ಅಂಗಡಿಗೆ ಹೋದ. ವೆಂಕಟೇಶ ಮೂವತ್ತರ ಮನುಷ್ಯ, ಹಾಡಿನ ಹುಚ್ಚ. ಪ್ಲೇಟು ಹಾಕಿ ಎರಡು ನಿಮಿಷವೂ ಆಗಿರಲಿಲ್ಲ, ಎದ್ದು ನಿಂತ.

"ಅಣ್ಣ, ಇದೆಲ್ಲಿ ಸಿಕ್ತು ನಿಮಗೆ? ಬ್ಲೂಸ್ ಅಂತಾರೆ ಇದನ್ನ. ಅಮೆರಿಕದ ಕರಿಯ ಜನರ ಹಾಡು. ಹೊಲದಲ್ಲಿ ದುಡಿದು ದುಡಿದು ಹಾಡ್ಕೊಂಡಿದ್ದು. ಇಂಗ್ಲೆಂಡಿನ ಹುಡುಗರು ಅದನ್ನ ಕೇಳಿ ಹುಚ್ಚು ಹಿಡಿಸ್ಕೊಂಡು ತಾವೂ ನುಡಿಸಿದ್ರು. ಈ ಪ್ಲೇಟು ಬಂದು ಇಪ್ಪತ್ತು ವರ್ಷ ಆಯ್ತು. ಗಿಟಾರ್ ಹಿಡಿಯೋ ಹುಡುಗರು ಇವತ್ತಿಗೂ ಮೊದಲು ಇದನ್ನೇ ಕೇಳ್ಕೊಂಡು ಬರ್ತಾರೆ."

"ಅದಿರಲಿ. ಆ ಚಿಣ್ ಚಿಣ್ ಸವೆದು ಹೋಗಿದೆ, ನೋಡಪ್ಪ."

ವೆಂಕಟೇಶ ತಲೆ ಬಾಗಿಸಿ ಕೇಳಿದ. "ಏನೂ ಸವೆದಿಲ್ಲವಲ್ಲ ಅಣ್ಣ. ಚೆನ್ನಾಗೇ ಕೇಳ್ತಾ ಇದೆ."

ಚಿಕ್ಕಮುನಿಯಪ್ಪ ಸ್ಪೀಕರಿನ ಹತ್ತಿರ ಹೋಗಿ ನಿಂತ. ಇನ್ನೂ ಹತ್ತಿರ ಹೋಗಿ ಕಿವಿಯನ್ನೇ ಅದಕ್ಕೆ ಹಚ್ಚಿದ. ಕರೆದರೆ ಓ ಅನ್ನಲ್ಲ ಎಂದು ಹೆಂಡತಿ ಒಂದು ವರ್ಷದಿಂದ ಮುನಿಸಿಕೊಳ್ಳುತ್ತಿದ್ದುದು ಅಲ್ಲಿ ನಿಂತಾಗ ಅವನಿಗೆ ಅರ್ಥವಾಯಿತು. ಬೆಳಿಗ್ಗೆ ಗುಬ್ಬಿಗಳ ಸದ್ದಿಲ್ಲ, ಎಲ್ಲಿ ಹೋದವೋ ಅಂದುಕೊಂಡಿದ್ದ. ಪ್ಲೇಟನ್ನು ಮತ್ತೆ ಪಂಚೆಯಲ್ಲಿ ಸುತ್ತಿಕೊಂಡು ಮನೆಯವರೆಗೂ ನಡೆದೇ ಬಂದ.

ಕಿವಿಯ ಡಾಕ್ಟರು ಪರೀಕ್ಷೆ ಮಾಡಿ ಒಂದು ಚೀಟಿಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದೂ ತೋರಿಸಿದರು, ಬಾಯಲ್ಲೂ ಹೇಳಿದರು: "ಸಣ್ಣ ಚೂಪು ಸದ್ದು ಮೊದಲು ಹೋಗುತ್ತೆ. ದಪ್ಪ ಸದ್ದು ಉಳ್ಕೊಳ್ಳುತ್ತೆ. ಹೋದದ್ದು ವಾಪಸ್ ಬರಲ್ಲ. ಇರೋದನ್ನ ಉಳಿಸ್ಕೋಬೇಕು ಅಂದ್ರೆ ಪ್ರೆಸ್ಸು ಬಿಡಿ."

ಬಿಟ್ಟ. ಮಾಲೀಕರು ಅವನನ್ನು ಸ್ಟೋರಿಗೆ ಹಾಕಿದರು. ಬೋಲ್ಟು ನಟ್ಟು ಎತ್ತಿ ಕೊಡುವ ಕೆಲಸ. ಕೆಲವು ತಿಂಗಳು ಅವನು ಪ್ಲೇಯರಿನ ಮುಚ್ಚಳವನ್ನೇ ತೆಗೆಯಲಿಲ್ಲ. ಕೊನೆಗೆ ಒಂದು ಭಾನುವಾರ ಗಂಗಲಕ್ಷ್ಮಮ್ಮನೇ ಪ್ಲೇಟು ಹಾಕಿ, ಅವನನ್ನು ಎಳೆದು ತಂದು ಪಕ್ಕದಲ್ಲಿ ಕೂರಿಸಿಕೊಂಡಳು. ಗಿಟಾರು ಬಂತು. ದಪ್ಪ, ಜೇನಿನಂಥ ಸದ್ದು. ಅದರಲ್ಲಿ ಒಂದಿಷ್ಟೂ ಕಡಿಮೆಯಾಗಿರಲಿಲ್ಲ. ಎಲ್ಲೆಲ್ಲಿ ಕಂಚಿನ ತಟ್ಟೆ ನುಡಿಯಿತೋ ಅಲ್ಲೆಲ್ಲ ಅವಳು ಅವನ ಮಣಿಕಟ್ಟಿನ ಮೇಲೆ ಉಗುರಿನಿಂದ ಮೆಲ್ಲಗೆ ತಟ್ಟುತ್ತಾ ಹೋದಳು. ಅವನ ಜೊತೆ ಐದು ವರ್ಷ ಕೇಳಿದ್ದ ಅವಳಿಗೆ ಒಂದೂ ತಪ್ಪಲಿಲ್ಲ. ಕಿಟಕಿಯ ಬಿಸಿಲು ನೆಲದ ಮೇಲೆ ಜರುಗುತ್ತಿತ್ತು. ಸದ್ದು ಚರ್ಮದಿಂದ ಒಳಗೆ ಇಳಿಯುತ್ತಿದೆಯೋ ಕಿವಿಯಿಂದಲೋ ಅವನಿಗೆ ಗೊತ್ತಾಗದೆ ಹೋಯಿತು.

ಎಂಬತ್ತೊಂಬತ್ತರಲ್ಲಿ ವೆಂಕಟೇಶ ಸ್ಕೂಟರಿನಲ್ಲಿ ಮನೆಗೇ ಬಂದ. ಗಿರಾಕಿಯೊಬ್ಬರ ಹತ್ತಿರ ಅದೇ ಪ್ಲೇಟಿನ ಕವರು ಸಿಕ್ಕಿತ್ತಂತೆ. ಒಳಗಿನ ಪ್ಲೇಟು ಒಡೆದು ಹೋಗಿ ಕವರಷ್ಟೇ ಉಳಿದಿತ್ತಂತೆ. "ಇಟ್ಕೊಳ್ಳಿ ಅಣ್ಣ, ನಿಮ್ಮದಕ್ಕೇ ಸೇರಬೇಕಾದ್ದು ಇದು" ಎಂದು ಅವನ ಕೈಯಲ್ಲಿಟ್ಟ.

ಎಂಟು ವರ್ಷ ಕೇಳಿದವರ ಮುಖವನ್ನು ಚಿಕ್ಕಮುನಿಯಪ್ಪ ಅವತ್ತು ಮೊದಲ ಸಲ ನೋಡಿದ. ಯಾರೋ ಮುದುಕರು, ಕಷ್ಟ ಸುಖ ಕಂಡವರು ಇರಬೇಕೆಂದು ಅವನ ಲೆಕ್ಕ. ಕವರಿನ ಮೇಲೆ ಇದ್ದವರು ಬಡಕಲು ಹುಡುಗರು.

"ಗಿಟಾರಿನವನು ಯಾರು?"

ವೆಂಕಟೇಶ ಒಬ್ಬನನ್ನು ಬೆರಳಿಟ್ಟು ತೋರಿಸಿದ. ಚಿಕ್ಕಮುನಿಯಪ್ಪನ ಕಿವಿಯ ಹತ್ತಿರ ಬಾಗಿ ಜೋರಾಗಿ ಹೇಳಿದ: "ಆಗ ಇವನಿಗೆ ಇಪ್ಪತ್ತೊಂದು ಅಣ್ಣ, ಅಷ್ಟೇ! ಸದ್ದು ಹಂಗೆ ದಪ್ಪ ಬರಲಿ ಅಂತ ಗಿಟಾರಿನ ಸ್ಪೀಕರ್ ಯಂತ್ರದ ಸೌಂಡ್ ಪೂರ್ತಿ ಏರಿಸಿ, ಅದರ ಮುಂದೇ ನಿಂತು ನುಡಿಸ್ತಿದ್ನಂತೆ!"

ಚಿಕ್ಕಮುನಿಯಪ್ಪ ಆ ಹುಡುಗನನ್ನು ಬಹಳ ಹೊತ್ತು ನೋಡಿದ. ಈ ಪ್ಲೇಟು ಬಂದ ಅದೇ ವರ್ಷ, ಅದೇ ವಯಸ್ಸಿನಲ್ಲಿ, ತಾನು ಮೊದಲ ಸಲ ಪ್ರೆಸ್ಸಿನ ಮುಂದೆ ನಿಂತಿದ್ದ.

"ಪಾಪ" ಅಂದ. "ಇವನ ಕಿವಿ ಈಗ ಹೆಂಗಿದ್ಯೋ."

ಗಂಗಲಕ್ಷ್ಮಮ್ಮ ಇಬ್ಬರಿಗೂ ಕಾಫಿ ತಂದಿಟ್ಟು, ಗಂಡನ ಪಕ್ಕ ಕೂತು, ಕವರಿನ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದಳು.